ಗಾಡಿಯ ಬಣ್ಣ

ಆ ಲ್ಯಾಬಿಗೆ ಕೆಲಸಕ್ಕೆ ಬರುವವರೆಲ್ಲ ಗಾಡಿಯಲ್ಲೇ ಬರುತ್ತಿದ್ದರು. ಹಾಗಾಗಿ ನಡೆದು ಬರುವವರಿಗೂ ಒಂದು ದಾರಿ ಬೇಕು ಎಂದು ಆ ಕಟ್ಟಡ ಕಟ್ಟಿಸಿದವರಿಗೆ ಹೊಳೆದೇ ಇರಲಿಲ್ಲ. ಗೇಟಿನಲ್ಲಿ ಒಂದು ಉದ್ದನೆಯ ಅಡ್ಡಗೋಲು. ಗಾಡಿ ಬಂದರೆ ಅದು ಮೇಲೇಳುತ್ತಿತ್ತು, ಕಾವಲುಗಾರ ನಂಬರು ನೋಡಿ ಸಲಾಮು ಹೊಡೆಯುತ್ತಿದ್ದ. ಗಾಡಿಯಿಲ್ಲದೆ ಕೆಲಸಕ್ಕೆ ಬರುತ್ತಿದ್ದವಳು ಅವಳೊಬ್ಬಳೇ, ಆ ಗೇಟಿನ ತಂಟೆಗೇ ಹೋಗುತ್ತಿರಲಿಲ್ಲ. ಬಸ್ಸಿಳಿದವಳು ಕಾಂಪೌಂಡಿನ ಹಿಂಬದಿಗೆ ಸುತ್ತಿ, ಗೋಡೆ ಒಡೆದಿದ್ದ ಕಡೆ ನುಸುಳಿ, ಸಾಲಾಗಿ ನಿಂತ ಕಾರುಗಳ ನಡುವೆ ಬಗ್ಗಿ ಚಪ್ಪಲಿಯ ಧೂಳು ಕೊಡವಿ, ಬೆವರೊರೆಸಿಕೊಂಡು ನೆಟ್ಟಗೆ ನಿಲ್ಲುತ್ತಿದ್ದಳು. ನೋಡಿದವರಿಗೆ ಈಗಷ್ಟೇ ಯಾವುದೋ ಗಾಡಿಯಿಂದ ಇಳಿದಂತೆ ಕಾಣಬೇಕು. ಗಾಡಿಯಿಂದ ಇಳಿದವರು ಹೇಗಿರುತ್ತಾರೆ ಎಂಬುದನ್ನು ಅವಳು ದೂರದಿಂದ ನೋಡಿ ಕಲಿತಿದ್ದಳು. ಅವರಿಗೆ ಏದುಸಿರು ಇರುವುದಿಲ್ಲ. ನಾಲ್ಕು ಹೆಜ್ಜೆ ಹೋದ ಮೇಲೆ, ಏನೋ ಮರೆತವರಂತೆ ಒಮ್ಮೆ ಹಿಂದೆ ತಿರುಗುತ್ತಾರೆ. ಅವಳೂ ತಿರುಗುತ್ತಿದ್ದಳು. ಯಾರದೋ ಗಾಡಿಯ ಕಡೆಗೆ.

ಅದು ಹಲ್ಲು ಮಾಡುವ ಲ್ಯಾಬು. ಊರಿನ ಹಲ್ಲಿನ ಡಾಕ್ಟರುಗಳು ರೋಗಿಗಳ ಬಾಯಿಯ ಅಚ್ಚು ತೆಗೆದು ಕಳಿಸುತ್ತಿದ್ದರು, ಇಲ್ಲಿ ಅದಕ್ಕೆ ತಕ್ಕ ಹಲ್ಲು ತಯಾರಾಗುತ್ತಿತ್ತು. ಡಿಗ್ರಿ ಮುಗಿಸಿ ಸೇರಿದಾಗಿನಿಂದ ಅವಳಿಗೆ ಪ್ಲಾಸ್ಟರ್ ರೂಮು. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಅಚ್ಚಿಗೆ ಪ್ಲಾಸ್ಟರು ಹುಯ್ಯುವುದು, ಒಣಗಿದ ಮೇಲೆ ಬಿಡಿಸಿ ಉಜ್ಜುವುದು. ಹುಬ್ಬು, ರೆಪ್ಪೆ, ಕಿವಿಯ ಸಂದು ಎಲ್ಲ ಬೆಳ್ಳಗೆ. ಅದಕ್ಕೇ ಎಲ್ಲರೂ ಅವಳನ್ನು ಸುಣ್ಣ ಎಂದೇ ಕರೆಯುತ್ತಿದ್ದರು. ಮಾತು ಕಡಿಮೆ. ಊಟಕ್ಕೆ ಕೂತಾಗಲೂ ಡಬ್ಬಿಯ ಮುಚ್ಚಳ ಸದ್ದಾಗದಂತೆ ತೆಗೆಯುವವಳು. ಆದರೆ ಕಣ್ಣು ಚುರುಕು. ಬಿಳಿಯಲ್ಲಿ ಎಷ್ಟು ಬಗೆಯ ಬಿಳಿ ಇದೆ ಎಂಬುದು ಬಿಳಿಯಲ್ಲೇ ಮುಳುಗಿದ್ದವಳಿಗೆ ಗೊತ್ತಾಗದೆ ಇನ್ನಾರಿಗೆ ಗೊತ್ತಾಗಬೇಕು? ಒಂದು ಹಲ್ಲು ಬೆಣ್ಣೆಯ ಕಡೆಗೆ ವಾಲುತ್ತದೆ, ಇನ್ನೊಂದು ಬೂದಿಯ ಕಡೆಗೆ. ಬುಡದಲ್ಲಿ ಹಳದಿ, ಅಂಚಿಗೆ ಬಂದರೆ ತೆಳು ನೀಲಿ.

ಹಲ್ಲಿನ ಬಣ್ಣ ನೋಡುತ್ತಿದ್ದ ಹಿರಿಯರು ಕೆಲಸ ಬಿಟ್ಟಾಗ ಯಜಮಾನರು ಅವಳನ್ನು ಕರೆಸಿದರು.

"ಆ ಕೆಲಸ ನೀನು ನೋಡ್ಕೊ. ಕ್ಲಿನಿಕ್ಕಿಗೆ ಹೋಗಿ, ಪೇಷಂಟನ್ನ ಎದುರಿಗೆ ಕೂರಿಸ್ಕೊಂಡು ಬಣ್ಣ ಗುರುತು ಹಾಕ್ಕೊಂಡು ಬರೋದು. ಓಡಾಟ ಜಾಸ್ತಿ. ಗಾಡಿ ಇದೆ ತಾನೇ?"

ಆ 'ತಾನೇ'ಯಲ್ಲಿ ಉತ್ತರವೂ ಸೇರಿಕೊಂಡಿತ್ತು. ಇಲ್ಲ ಎನ್ನಬೇಕಾದರೆ ಬಾಯಿ ತೆರೆಯಬೇಕು. ಹೌದು ಎನ್ನುವುದಕ್ಕೆ ಕತ್ತು ಸಾಕು. ಅವಳು ಕತ್ತು ಆಡಿಸಿದಳು.

"ಸರಿ. ಮಳೆಗಾಲ ಮುಗಿಯೋತನಕ ನೋಡ್ತೀನಿ. ಹೊಂದಿಕೊಂಡ್ರೆ ಕಾಯಂ. ಇಲ್ಲಾಂದ್ರೆ ಪ್ಲಾಸ್ಟರ್ ರೂಮು ಎಲ್ಲಿಗೂ ಓಡಿಹೋಗಲ್ಲ."

ಮನೆಯಲ್ಲಿ ಅಮ್ಮ ಕೇಳಿ ತಲೆ ಚಚ್ಚಿಕೊಂಡಳು. "ಸುಳ್ಳು ಹೇಳೋರು ಬಾಯಾದ್ರೂ ನೋಯಿಸ್ಕೋತಾರೆ ಕಣೆ. ನೀನು ಗೋಣಲ್ಲೇ ಮುಗಿಸಿಬಿಟ್ಟೆಯಲ್ಲ!"

"ಅವರು ಹಾಗೆ ಕೇಳಿದ್ರಮ್ಮ."

"ಹಾಗೆ ಕೇಳಿದ್ರಂತೆ. ಆನೆ ಇದೆ ತಾನೇ ಅಂತ ಕೇಳಿದ್ರೆ?"

ಆನೆಗಿಂತ ಕಾರು ಸುಲಭ ಎಂದು ಯಾರೂ ಹೇಳುವಂತಿರಲಿಲ್ಲ. ಹಿಂದೊಮ್ಮೆ ಅಮ್ಮನ ಒತ್ತಾಯಕ್ಕೆ ಡ್ರೈವಿಂಗ್ ಶಾಲೆಗೆ ಸೇರಿದ್ದಳು. ಹಿಂದಿನಿಂದ ಯಾರಾದರೂ ಹಾರ್ನ್ ಹೊಡೆದರೆ ಸ್ಟೇರಿಂಗಿನಿಂದ ಕೈ ತೆಗೆದು ಹಿಂದೆ ತಿರುಗಿ 'ಕ್ಷಮಿಸಿ' ಎನ್ನುತ್ತಿದ್ದಳು. ಕಲಿಸುವಾತ ತಾಳ್ಮೆಯ ಮನುಷ್ಯ. ಕೊನೆಗೆ ಆತನೇ ಗಾಡಿ ಪಕ್ಕಕ್ಕೆ ಹಾಕಿಸಿ, "ತಂಗೀ, ನಿನ್ನಂಥ ಒಳ್ಳೇರು ರಸ್ತೆಗೆ ಇಳೀಬಾರ್ದಮ್ಮ" ಎಂದು ಮನೆಗೆ ಕಳಿಸಿಕೊಟ್ಟಿದ್ದ.

ಹೀಗೆ ಬಣ್ಣದ ಕೆಲಸ ಕೈಗೆ ಬಂತು. ಜೊತೆಗೆ ಪಾರ್ಕಿಂಗಿನಲ್ಲಿ ಒಂದು ಜಾಗವೂ ಬಂತು. ಗೋಡೆಯ ಪಕ್ಕದ, ಮಧ್ಯಾಹ್ನವೂ ನೆರಳಿರುವ, ಎಲ್ಲರೂ ಕಣ್ಣಿಟ್ಟಿದ್ದ ಜಾಗ. ದಿನವೂ ಖಾಲಿ. ಲೆಕ್ಕ ಬರೆಯುವಾತನಿಗೆ ಅದು ಕಣ್ಣಿಗೆ ಬಿದ್ದ ಕಸದಂತಾಗಿತ್ತು. ಆತನ ಗಾಡಿ ಹೊರಗೆ ರಸ್ತೆಯಲ್ಲಿ ನಿಂತು ಹಕ್ಕಿಗಳ ಹಿಕ್ಕೆ ತಿನ್ನುತ್ತಿತ್ತು.

"ಏನ್ ಸುಣ್ಣ, ಎಲ್ಲಮ್ಮ ನಿನ್ ಗಾಡಿ?"

"ಸರ್ವಿಸಿಗೆ ಬಿಟ್ಟಿದ್ದೀನಿ ಅಣ್ಣ."

"ಇನ್ನೂನಾ? ಅದೇನ್ ಗಾಡಿನೋ, ಬಾಣಂತನಕ್ಕೆ ಹೋದಂಗೆ ಹೋಗಿದೆ!"

ಎಲ್ಲರೂ ನಕ್ಕರು. ಅವಳೂ ನಕ್ಕಳು. ನಗುವಾಗ ಲೆಕ್ಕದಾತನ ಕೋರೆಹಲ್ಲಿನ ಬಣ್ಣ ನೋಡಿದಳು. ಎದುರಿಗಿರುವವರ ಕಣ್ಣು ತಪ್ಪಿಸಲು ಅವಳಿಗೆ ಅದೊಂದು ಉಪಾಯ. ಹಲ್ಲು ನೋಡುತ್ತಿದ್ದರೆ ಮುಖ ನೋಡಿದಂತೆಯೇ ಕಾಣುತ್ತದೆ.

ಗಾಡಿ ಇಲ್ಲದವರಿಗೆ ಆ ಊರು ಬೇರೆಯೇ ಊರು. ಕ್ಲಿನಿಕ್ಕುಗಳು ಹೆದ್ದಾರಿಯುದ್ದಕ್ಕೂ ಚದುರಿದ್ದವು. ಎದುರಿಗೇ ಕಾಣುತ್ತವೆ, ನಡುವೆ ರಸ್ತೆ. ದಾಟುವುದಕ್ಕೆ ಇರುವುದು ಎಲ್ಲೋ ದೂರದ ಸೇತುವೆ, ಅದನ್ನು ಕಟ್ಟಿದ್ದೂ ಗಾಡಿಗಳಿಗೇ. ಫುಟ್‌ಪಾತು ಯಾರೋ ಅರ್ಧಕ್ಕೆ ನಿಲ್ಲಿಸಿದ ಮಾತಿನಂತೆ ಶುರುವಾಗಿ, ಒಂದು ಹಳ್ಳದ ಬಳಿ ಸುಮ್ಮನಾಗಿಬಿಡುತ್ತಿತ್ತು. ದಾರಿಯಲ್ಲೊಂದು ಔಷಧಿ ಅಂಗಡಿ. ಗಾಡಿಯಲ್ಲಿ ಕೂತೇ ಕಿಟಕಿಯಿಂದ ಔಷಧಿ ಕೊಳ್ಳುವ ಅಂಗಡಿ ಅದು. ಒಮ್ಮೆ ಅಮ್ಮನ ಮಾತ್ರೆಗೆಂದು ಅವಳು ಎರಡು ಕಾರುಗಳ ನಡುವೆ ಸಾಲಿನಲ್ಲಿ ನಿಂತಳು. ಮುಂದಿನ ಕಾರು ಸರಿದಂತೆ ಅವಳೂ ಸರಿದಳು. ಅವಳ ಸರದಿ ಬಂದಾಗ ಕಿಟಕಿ ತೆರೆಯಲಿಲ್ಲ. ಒಳಗಿನಾತ ಕೈಯಾಡಿಸಿ ಗಾಜಿನ ಹಿಂದಿನಿಂದಲೇ ಕೂಗಿದ: "ಗಾಡಿ ತಗೊಂಡು ಬನ್ನಿ ಮೇಡಂ! ಗಾಡಿ ಬಂದ್ರೇ ಇದು ತೆಗ್ಯೋದು!" ಹಿಂದಿನ ಕಾರಿನವನು ಹಾರ್ನ್ ಹೊಡೆದ. ಅವಳು ತಿರುಗಿ ಕ್ಷಮೆ ಕೇಳಿ, ಸಾಲು ಬಿಟ್ಟಳು.

ಆದರೂ ಹೇಗೋ ನಡೆದುಕೊಂಡು ಹೋಗುತ್ತಿತ್ತು. ಕೆಟ್ಟದ್ದು ಮನೆ ಮಾರುವಾಕೆಯ ಹಲ್ಲಿನ ವಿಷಯದಲ್ಲಿ.

ಮನೆ ಮಾರುವಾಕೆಯನ್ನು ಊರಿನಲ್ಲಿ ನೋಡದವರಿರಲಿಲ್ಲ. ಹೆದ್ದಾರಿಯ ಬದಿಯ ದೊಡ್ಡ ಬೋರ್ಡುಗಳಲ್ಲಿ ಆಕೆ ಒಂದು ಬೀಗದಕೈ ಹಿಡಿದು ನಗುತ್ತಿದ್ದಳು. ಆ ನಗುವಿನಲ್ಲೇ ಆಕೆಯ ವ್ಯಾಪಾರ. ಒಂದು ಹೊಸ ಮನೆಯ ಮೆಟ್ಟಿಲಲ್ಲಿ ಜಾರಿ ಬಿದ್ದು ಮುಂದಿನ ಹಲ್ಲು ಮುರಿದುಕೊಂಡಳು. ಡಾಕ್ಟರು ಹಲ್ಲಿಗೆ ಕ್ಯಾಪು ಹಾಕಬೇಕೆಂದರು, ಬಣ್ಣ ನೋಡಲು ಲ್ಯಾಬಿನಿಂದ ಹುಡುಗಿಯನ್ನು ಕರೆಸಿದರು.

ಈ ಕೆಲಸದಲ್ಲಿ ಮೊದಲ ಪಾಠವೊಂದಿದೆ. ಬಣ್ಣವನ್ನು ಡಾಕ್ಟರು ಕೈ ಹಾಕುವ ಮುಂಚೆಯೇ ನೋಡಬೇಕು. ಬಾಯಿ ತೆರೆದುಕೊಂಡೇ ಇದ್ದರೆ ಹಲ್ಲು ಒಣಗುತ್ತದೆ. ಒಣಗಿದ ಹಲ್ಲು ಬೆಳ್ಳಗೆ ಕಾಣುತ್ತದೆ, ನದಿಯಿಂದ ತೆಗೆದಿಟ್ಟ ಕಲ್ಲು ಬಿಸಿಲಲ್ಲಿ ಬಿಳುಚಿಕೊಳ್ಳುವ ಹಾಗೆ. ಮತ್ತೆ ತನ್ನ ಬಣ್ಣಕ್ಕೆ ಬರಬೇಕಾದರೆ ಬಾಯಿ ಮುಚ್ಚಿಕೊಂಡು ಬಹಳ ಹೊತ್ತು ಇರಬೇಕು. ಇದು ಅವಳಿಗೆ ಬಾಯಿಪಾಠ. ಆದರೆ ಬಸ್ಸಿಗೆ ಬಾಯಿಪಾಠವಿರಲಿಲ್ಲ. ಅಂದು ಅದು ಬರಲೇ ಇಲ್ಲ, ಬಂದ ಇನ್ನೊಂದು ಬಸ್ಸು ಅವಳನ್ನು ಹೆದ್ದಾರಿಯ ಆಚೆ ಬದಿಯಲ್ಲಿ ಇಳಿಸಿತು. ಸುತ್ತಿ ಬಳಸಿ ಅವಳು ಮುಟ್ಟಿದಾಗ ಡಾಕ್ಟರು ಕ್ಯಾಪು ಕೂರಲೆಂದು ಹಲ್ಲು ಅರೆದು ಮುಗಿಸಿದ್ದರು. ಮನೆ ಮಾರುವಾಕೆ ಬಾಯಲ್ಲಿ ಹತ್ತಿ ಉಂಡೆ ಇಟ್ಟುಕೊಂಡು ಚಾವಣಿ ನೋಡುತ್ತಿದ್ದಳು.

"ಬಂದ್ರಾ? ಟ್ರಾಫಿಕ್ಕಾ?" ಎಂದರು ಡಾಕ್ಟರು.

ಅವಳು ಕತ್ತು ಆಡಿಸಿದಳು.

ಇವತ್ತು ಆಗುವುದಿಲ್ಲ, ನಾಳೆ ನೋಡೋಣ ಎನ್ನಬೇಕಿತ್ತು. ಎಂದರೆ ತಡವಾದದ್ದೇಕೆ ಎಂಬ ಪ್ರಶ್ನೆ ಬರುತ್ತದೆ, ಅದರ ಹಿಂದೆ ಗಾಡಿ ಬರುತ್ತದೆ. ಆ ಕ್ಲಿನಿಕ್ಕಿಗೆ ಕಿಟಕಿಯೂ ಇರಲಿಲ್ಲ. ಟ್ಯೂಬ್‌ಲೈಟಿನ ಬೆಳಕಿನಲ್ಲೇ ಶೇಡ್ ಗೈಡು ತೆಗೆದಳು. ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ಪಟ್ಟಿ, ಅದರ ತುದಿಗೆ ಒಂದೊಂದು ಬಣ್ಣದ ಮಾದರಿ ಹಲ್ಲು. ಮುರಿದದ್ದರ ಪಕ್ಕದ ಒಣಗಿದ ಹಲ್ಲಿಗೆ ಹಿಡಿದು, ಅದರ ಬಿಳಿಗೆ ಅಂದಾಜಿನಲ್ಲಿ ಒಂದಷ್ಟು ಕಳೆದು, ಒಂದನ್ನು ಗುರುತು ಹಾಕಿಕೊಂಡಳು.

ಕಳೆದದ್ದು ಸಾಲಲಿಲ್ಲ. ಕ್ಯಾಪು ಕೂರಿಸಿದ ಮೇಲೆ ಮನೆ ಮಾರುವಾಕೆ ಕನ್ನಡಿ ನೋಡಿ, "ಇದೇನ್ರೀ, ಒಂದೇ ಮನೆಗೆ ಸುಣ್ಣ ಹೊಡೆದು ಓಣಿಯೆಲ್ಲ ಹಾಗೇ ಬಿಟ್ಟಂಗಿದೆ!" ಎಂದಳಂತೆ. ಎಂದವಳು ನಗಲಿಲ್ಲ. ನಕ್ಕರೆ ಕೈ ಅಡ್ಡ ಹಿಡಿಯಬೇಕಾಗುತ್ತಿತ್ತು.

ಯಜಮಾನರು ಕೂಗಾಡುವವರಲ್ಲ. ವಾಪಸು ಬಂದ ಹಲ್ಲನ್ನು ಅವಳ ಮುಂದಿಟ್ಟು, "ಡಾಕ್ಟ್ರು ನಾಳೆ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಆಕೆಯನ್ನ ಬರೋಕೆ ಹೇಳಿದ್ದಾರೆ. ಅವರು ಕೈ ಹಾಕೋ ಮೊದಲು ನೀನು ಅಲ್ಲಿರ್ಬೇಕು. ಈ ಸಲವೂ ಹೀಗಾದ್ರೆ ನೀನು ಮತ್ತೆ ಪ್ಲಾಸ್ಟರ್ ರೂಮಿಗೆ" ಎಂದರು.

ಅಷ್ಟು ಬೆಳಿಗ್ಗೆ ಆ ಕಡೆಗೆ ಬಸ್ಸಿರಲಿಲ್ಲ. ಬಾಡಿಗೆ ಗಾಡಿ ಕರೆದಳು. ಬರುತ್ತೇನೆಂದ ಚಾಲಕ, ಎಲ್ಲಿಗೆ ಎಂದು ಕೇಳಿದ ಮೇಲೆ ಬರಲಿಲ್ಲ. ಇನ್ನೊಬ್ಬನೂ ಅಷ್ಟೆ. ಆ ಹೊತ್ತಿನಲ್ಲಿ ಆ ಕಡೆಯಿಂದ ಖಾಲಿ ಬರಬೇಕಂತೆ. ಲೆಕ್ಕದಾತನ ಮನೆ ಪಕ್ಕದ ಬೀದಿಯಲ್ಲೇ ಇತ್ತು, ಕೇಳಿದ್ದರೆ ಬಿಡುತ್ತಿದ್ದನೇನೋ. ಆದರೆ ಅವನ ಗಾಡಿ ಹತ್ತುವುದೆಂದರೆ ತನ್ನ ಗಾಡಿಯ ಸುಳ್ಳನ್ನು ಬಯಲಿಗಿಳಿಸಿದ ಹಾಗೆ. ಅವಳು ಶೇಡ್ ಗೈಡನ್ನೂ ಬಣ್ಣ ನೋಡುವಾಗ ರೋಗಿಗೆ ಹೊದೆಸುವ ಬೂದು ಬಟ್ಟೆಯನ್ನೂ ಚೀಲಕ್ಕೆ ಹಾಕಿಕೊಂಡು ನಡೆದಳು.

ಹೆದ್ದಾರಿಯಲ್ಲಿ ನಡೆಯುವ ಮನುಷ್ಯರಿಗೆ ಒಂದೇ ಅರ್ಥ. ಮೊದಲು ಹಾಲಿನ ವ್ಯಾನು ನಿಧಾನ ಮಾಡಿತು. "ಏನಮ್ಮ, ಗಾಡಿ ಕೆಟ್ಟೋಯ್ತಾ?" ಅವಳು ಕತ್ತು ಆಡಿಸಿದಳು. "ಪೆಟ್ರೋಲ್ ಬಂಕ್ ಇನ್ನೂ ಮುಂದೆ ಇದೆ ನೋಡಿ!" ವ್ಯಾನು ಹೋಯಿತು. ಆಮೇಲೆ ಒಬ್ಬ ಅಜ್ಜ ಕಾರಿನ ಗಾಜಿಳಿಸಿ, "ಟೈರು ಪಂಕ್ಚರ್ರಾ? ಸ್ಟೆಪ್ನಿ ಇಟ್ಕೊಳಲ್ವಾ ನೀವು ಈಗಿನ ಹುಡುಗೀರು?" ಎಂದು ಬೈದು ಹೋದ. ಯಾರೂ ಕೆಟ್ಟವರಲ್ಲ. ಕೆಟ್ಟ ಗಾಡಿಯ ಮೇಲೆ ಎಲ್ಲರಿಗೂ ಮರುಕವಿತ್ತು. ಇಲ್ಲದ ಗಾಡಿಯನ್ನು ಯಾರೂ ಊಹಿಸಲಾರರು. ಅವಳು ಮನೆ ಮಾರುವಾಕೆಯ ಬೋರ್ಡಿನ ಕೆಳಗೆ ಹಾದುಹೋದಳು. ಬೋರ್ಡಿನ ಹಲ್ಲನ್ನು ಅಚ್ಚು ಹಾಕಿದವರು ಬೇಕೆಂದೇ ಬೆಳ್ಳಗೆ ಮಾಡಿದ್ದರು. ಅಂಥ ಬಿಳಿ ಯಾರ ಬಾಯಲ್ಲೂ ಇರುವುದಿಲ್ಲ, ಬಚ್ಚಲುಮನೆಯಲ್ಲಿ ಇರುತ್ತದೆ.

ಅಷ್ಟರಲ್ಲಿ ಮೂರನೆಯ ಗಾಡಿ ನಿಂತಿತು. ಒಳಗೆ ಬೋರ್ಡಿನಾಕೆಯೇ ಕೂತಿದ್ದಳು.

"ಅಯ್ಯೋ, ಹಲ್ಲಿನ ಹುಡುಗಿ ಅಲ್ವಾ! ಗಾಡಿ ಕೆಡ್ತಾ? ಹತ್ತು ಹತ್ತು, ನಾನೂ ಅಲ್ಲಿಗೇ."

ಹತ್ತಿ ಕೂತದ್ದೇ ತಡ, ಆಕೆ ಫೋನು ಹಚ್ಚಿದಳು. "ನನ್ ತಮ್ಮಂದು ಗ್ಯಾರೇಜು ಕಣಮ್ಮ. ಎಳ್ಕೊಂಡು ಹೋಗಿ ಸಂಜೆಯೊಳಗೆ ಸರಿ ಮಾಡಿಕೊಡ್ತಾನೆ. ಲೋ, ಎದ್ದಿದ್ದೀಯಾ? ಹೆದ್ದಾರೀಲಿ ಒಂದು ಗಾಡಿ ಕೆಟ್ಟು ನಿಂತಿದೆ..."

"ಬೇಡ, ಪರವಾಗಿಲ್ಲ..." ಎಂದಳು ಅವಳು. ಅವಳ 'ಬೇಡ'ಗಳು ಯಾವತ್ತೂ ಎದುರಿನವರನ್ನು ತಲುಪಿದ್ದಿಲ್ಲ.

"ಯಾವ ಬಣ್ಣದ್ದಂತೆ?" ಫೋನಿನಲ್ಲಿ ತಮ್ಮ ಆಕಳಿಸಿದ.

"ಯಾವ ಬಣ್ಣನಮ್ಮ?" ಎಂದು ಆಕೆ ಇವಳ ಕಡೆ ತಿರುಗಿದಳು.

ಬಣ್ಣ ಹೇಳುವುದೇ ಅವಳ ಕೆಲಸ. ಆದರೆ ಇಲ್ಲದ್ದಕ್ಕೆ ಬಣ್ಣ ಎಲ್ಲಿಂದ ತರುವುದು? ಅವಳು ದಿಕ್ಕೆಟ್ಟು, ಯಾವಾಗಲೂ ಮಾಡುವಂತೆ ಎದುರಿಗಿದ್ದ ಬಾಯಿಯನ್ನು ನೋಡಿದಳು. ಡಾಕ್ಟರು ಆ ಸುಣ್ಣದ ಕ್ಯಾಪನ್ನು ತೆಗೆದು, ಅರೆದ ಹಲ್ಲಿಗೆ ತಾತ್ಕಾಲಿಕವಾಗಿ ಏನೋ ಮೆತ್ತಿದ್ದರು. ಅದರ ಪಕ್ಕದ ಹಲ್ಲು ಒದ್ದೆಯಾಗಿ ಹೊಳೆಯುತ್ತಿತ್ತು.

"ಬುಡದಲ್ಲಿ ಸ್ವಲ್ಪ ಹಳದಿ," ಎಂದಳು ನಿಧಾನವಾಗಿ, "ನಡುವೆ ಕೆನೆ ಬಣ್ಣ. ಅಂಚಿಗೆ ಬಂದರೆ ಬೂದು. ತೀರಾ ಬೂದಲ್ಲ, ಹೊಗೆ ಥರ. ಎಡಗಡೆ ಒಂದು ಸಣ್ಣ ಬಿಳಿ ಚುಕ್ಕೆ."

"ಅಕ್ಕಾ, ಅದೆಂಥ ಗಾಡಿನೇ?" ಎಂದ ತಮ್ಮ. "ಸರಿ ಬಿಡು, ಅಂಥದ್ದು ಊರಿಗೆಲ್ಲ ಒಂದೇ ಇರುತ್ತೆ. ಹುಡುಕ್ತೀನಿ."

ಅವಳಿಗೆ ಅದು ಕೇಳಿಸಲಿಲ್ಲ. ಆ ಬಿಳಿ ಚುಕ್ಕೆಯನ್ನು ಅವಳು ಹಿಂದಿನ ಸಲ ನೋಡಿಯೇ ಇರಲಿಲ್ಲ. ಒಣಗಿದ ಹಲ್ಲಿನಲ್ಲಿ ಅದು ಮುಚ್ಚಿಹೋಗಿತ್ತು.

"ಗಾಡಿ ನಿಲ್ಲಿಸಿ!" ಎಂದಳು. ಅವಳು ತನ್ನ ಜೀವಮಾನದಲ್ಲಿ ಅಷ್ಟು ಗಟ್ಟಿಯಾಗಿ ಯಾರಿಗೂ ಏನೂ ಹೇಳಿರಲಿಲ್ಲ. ಆಕೆ ಗಾಬರಿಯಾಗಿ ಬ್ರೇಕು ಒತ್ತಿದಳು.

"ಏನಾಯ್ತಮ್ಮ?"

"ಬೆಳಕು ಚೆನ್ನಾಗಿದೆ. ಕ್ಲಿನಿಕ್ಕಲ್ಲಿ ಇದು ಸಿಗಲ್ಲ. ಈ ಗಾಜು ಹಸಿರು, ಇದರೊಳಗೂ ಆಗಲ್ಲ. ಕೆಳಗಿಳೀತೀರಾ? ತುಟಿ ಬಣ್ಣ ಒರೆಸಿಕೊಳ್ಳಿ."

ಮೇಲೆ ತೆಳುವಾದ ಮೋಡ, ಎಲ್ಲ ಕಡೆ ಒಂದೇ ಸಮನಾದ ಬೆಳಕು. ಮನೆ ಮಾರುವಾಕೆ ಹೆದ್ದಾರಿಯ ಅಂಚಿನಲ್ಲಿ ಕಾರಿಗೊರಗಿ, ಹಲ್ಲು ಕಿರಿದು ಆಕಾಶಕ್ಕೆ ಮುಖ ಮಾಡಿ ನಿಂತಳು. ಆಕೆಯ ಕೆಂಪು ಬಟ್ಟೆಯ ಛಾಯೆ ಹಲ್ಲಿಗೆ ಬೀಳದಂತೆ ಕೊರಳಿಗೆ ಬೂದು ಬಟ್ಟೆ ಹೊದೆಸಿ, ಅವಳು ಒಂದೊಂದೇ ಮಾದರಿ ಹಲ್ಲು ಹಿಡಿದಳು.

"ಬಾಯಿ ಮುಚ್ಚಿ. ನುಂಗಿ. ಈಗ ತೆರೀರಿ. ಮತ್ತೆ ಮುಚ್ಚಿ."

"ಅಮ್ಮಾ ತಾಯಿ, ಜನ ನೋಡ್ತಿದ್ದಾರೆ ಕಣೆ. ನಾನು ಇವರಿಗೆಲ್ಲ ಮನೆ ಮಾರ್ಬೇಕು."

"ಮಾತಾಡಬೇಡಿ, ಒಣಗುತ್ತೆ."

ಒಬ್ಬಾತ ಗಾಡಿ ನಿಧಾನ ಮಾಡಿ ಕತ್ತು ಹೊರಗೆ ಹಾಕಿದ. "ಏನ್ ಮೇಡಂ, ಗಾಡಿ ಕೆಡ್ತಾ?"

"ಇಲ್ಲ ಸ್ವಾಮಿ, ಬಾಯಿ ಕೆಟ್ಟಿದೆ. ನೀವು ನಡೀರಿ!" ಎಂದು ಆಕೆ ಕೂಗಿದಳು. ಹಿಂದಿನವರು ಹಾರ್ನ್ ಹೊಡೆದರು. ಅವಳು ತಿರುಗಲಿಲ್ಲ. ಬುಡಕ್ಕೊಂದು, ನಡುವಿಗೊಂದು, ಅಂಚಿಗೊಂದು ಎಂದು ಮೂರು ಬಣ್ಣ ಗುರುತು ಹಾಕಿಕೊಂಡಳು. ಚುಕ್ಕೆ ಎಲ್ಲಿದೆ ಎಂದು ಚಿತ್ರ ಬರೆದುಕೊಂಡಳು.

ಅಂದು ಸಂಜೆ ಹೊಸ ಹಲ್ಲು ಲ್ಯಾಬಿನ ಒಲೆಯಲ್ಲಿ ಬೇಯುತ್ತಿದ್ದಾಗ ಯಜಮಾನರು ಅವಳನ್ನು ಕರೆಸಿದರು.

"ನಿನ್ನ ಗಾಡಿ ಕಳುವಾಗಿದೆಯಂತಲ್ಲ?"

ಗ್ಯಾರೇಜಿನ ತಮ್ಮ ಹೆದ್ದಾರಿಯನ್ನು ಆ ತುದಿಯಿಂದ ಈ ತುದಿಗೆ ಜಾಲಾಡಿದ್ದ. ಎಲ್ಲೂ ಸಿಗದೆ, ಯಾರೋ ಎತ್ತಿಕೊಂಡು ಹೋಗಿರಬೇಕೆಂದು ಕ್ಲಿನಿಕ್ಕಿಗೆ ಹೇಳಿದ್ದ. ಕ್ಲಿನಿಕ್ಕಿನವರು ಪಾಪ ಎಂದು ಲ್ಯಾಬಿಗೆ ಫೋನು ಮಾಡಿದ್ದರು. ಲೆಕ್ಕದಾತ ಪೊಲೀಸ್ ಠಾಣೆಗೆ ಹೋಗಿ ಬರಲು ತನ್ನ ಗಾಡಿಯ ಕೀಲಿ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದ. ಅವನ ಮುಖದಲ್ಲಿ ನಿಜವಾದ ಕಳವಳವಿತ್ತು.

ಈ ಸಲ ಕತ್ತು ಆಡಿಸಿದರೆ ಪೊಲೀಸರು ಬರುತ್ತಾರೆ. ಅವಳು ಬಾಯಿ ತೆರೆದಳು.

"ಕಳುವಾಗಿಲ್ಲ ಸರ್. ಇರಲೇ ಇಲ್ಲ."

"ಏನು ಇರ್ಲಿಲ್ಲ?"

"ಗಾಡಿ."

ಯಜಮಾನರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮತ್ತೆ ಇಷ್ಟು ದಿನ ಸರ್ವಿಸಿಗೆ ಹೋಗಿದ್ದು?" ಎಂದ ಲೆಕ್ಕದಾತ.

ಮರುದಿನದಿಂದ ಅವಳು ಪ್ಲಾಸ್ಟರ್ ರೂಮಿನಲ್ಲಿದ್ದಳು. ಹುಬ್ಬು ಮತ್ತೆ ಬೆಳ್ಳಗಾಯಿತು. ಬೇಸರವಾಯಿತೆಂದು ಯಾರಿಗೂ ಹೇಳಲಿಲ್ಲ, ಕೇಳಿದವರೂ ಇರಲಿಲ್ಲ. ಅಮ್ಮ ಮಾತ್ರ, "ಬಾಯಾದ್ರೂ ಬಂತಲ್ಲ" ಎಂದಳು.

ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಹೊರಗಿನಿಂದ ಲೆಕ್ಕದಾತನ ಕೂಗು ಕೇಳಿಸಿತು. "ಏ ಸುಣ್ಣ! ನಿನ್ ಜಾಗದಲ್ಲಿ ಯಾರೋ ಗಾಡಿ ನಿಲ್ಸಿದ್ದಾರೆ ಬಾ!"

ನೆರಳಿನ ಜಾಗದಲ್ಲಿ ಮನೆ ಮಾರುವಾಕೆಯ ಕಾರು ನಿಂತಿತ್ತು. ಆಕೆ ಇಳಿದು, ಬೋರ್ಡಿನಲ್ಲಿ ನಗುವಂತೆ ಬಾಯಿತುಂಬ ನಕ್ಕಳು. ಅವಳು ಹತ್ತಿರ ಹೋಗಿ ನೋಡಿದಳು. ಯಾವುದು ತಾನು ಬಣ್ಣ ಕೊಟ್ಟದ್ದು, ಯಾವುದು ಹುಟ್ಟಿದ್ದು ಎಂದು ಅವಳಿಗೇ ಒಂದು ಗಳಿಗೆ ತಿಳಿಯಲಿಲ್ಲ.

ಆಕೆ ಉಗುರಿನಿಂದ ಮುಂದಿನ ಹಲ್ಲು ತಟ್ಟಿದಳು. "ಬುಡದಲ್ಲಿ ಹಳದಿ, ನಡುವೆ ಕೆನೆ, ಎಡಗಡೆ ಚುಕ್ಕೆ. ನನ್ ತಮ್ಮ ಬೆಳಗಿಂದ ಸಂಜೆವರೆಗೂ ಹುಡುಕಿದ ಗಾಡಿ ಇದೇ ತಾನೇ?"

ಅವಳು ಕತ್ತು ಆಡಿಸಲಿಲ್ಲ. "ಹೌದು. ತಪ್ಪಾಯ್ತು, ಅವರಿಗೆ ಹೇಳಿಬಿಡಿ," ಎಂದಳು.

"ಹೇಳ್ದೆ. ಬೈಯ್ದ, ಆಮೇಲೆ ನಕ್ಕ. ಅವನ ಹೆಂಡತೀನೂ ಒಂದು ಹಲ್ಲು ಕಟ್ಟಿಸ್ಕೋಬೇಕಂತೆ."

ಅದೇ ವಾರ ಡಾಕ್ಟರು ಯಜಮಾನರಿಗೆ ಫೋನು ಮಾಡಿ ಬಣ್ಣಕ್ಕೆ ಅದೇ ಹುಡುಗಿ ಬೇಕೆಂದರು. ಯಜಮಾನರು ಅವಳಿಗೆ ಗಾಡಿ ಇಲ್ಲವೆಂದರು. "ಪೇಷಂಟಿಗಿದೆಯಲ್ಲ ಸಾರ್, ಅವರೇ ಅಲ್ಲಿಗೆ ಬರ್ತಾರೆ," ಎಂದರು ಡಾಕ್ಟರು. ಇಷ್ಟು ವರ್ಷ ಇದು ಯಾರಿಗೂ ಹೊಳೆದಿರಲಿಲ್ಲ. ಯಜಮಾನರು ಬಹಳ ಹೊತ್ತು ಯೋಚಿಸಿ, ಬೆಳಿಗ್ಗೆ ಬಣ್ಣ, ಮಧ್ಯಾಹ್ನ ಪ್ಲಾಸ್ಟರು ಎಂದು ತೀರ್ಮಾನ ಹೇಳಿದರು. ಕಾಯಂ ಎನ್ನಲಿಲ್ಲ. ಇಲ್ಲ ಎಂದೂ ಅನ್ನಲಿಲ್ಲ. ರೋಗಿಗಳು ಒಬ್ಬೊಬ್ಬರಾಗಿ ಆ ನೆರಳಿನ ಜಾಗಕ್ಕೆ ಗಾಡಿ ತಂದು ನಿಲ್ಲಿಸಿ, ಇಳಿದು, ಆಕಾಶಕ್ಕೆ ಹಲ್ಲು ತೋರಿಸಿ ಹೋಗುತ್ತಿದ್ದರು. ಲೆಕ್ಕದಾತನ ಗಾಡಿ ಹೊರಗೇ ಉಳಿಯಿತು.

ಬಸ್ಸು ಹಾಗೇ ಇತ್ತು, ಫುಟ್‌ಪಾತು ಹಳ್ಳದ ಬಳಿ ಹಾಗೇ ನಿಲ್ಲುತ್ತಿತ್ತು. ಅವಳು ಮಾತ್ರ ಒಂದು ದಿನ ಒಡೆದ ಗೋಡೆಯ ಕಡೆ ತಿರುಗದೆ ನೇರ ಗೇಟಿಗೆ ಬಂದಳು. ಕಾವಲುಗಾರ ಅವಳನ್ನು ಹೊಸಬಳೆಂದುಕೊಂಡ.

"ಗಾಡಿ ನಂಬರು ಹೇಳಿ ಮೇಡಂ."

"ಗಾಡಿ ಇಲ್ಲ."

"ಇಲ್ಲಾಂದ್ರೆ? ಹೊರಗೆ ನಿಲ್ಸಿದ್ದೀರಾ?"

"ಎಲ್ಲೂ ನಿಲ್ಲಿಸಿಲ್ಲ. ನಡ್ಕೊಂಡು ಬಂದೆ."

ಅವನು ಅಡ್ಡಗೋಲನ್ನೂ ಅವಳನ್ನೂ ನೋಡಿದ. ಗುಂಡಿ ಒತ್ತಿದ, ಅದು ಮೇಲೇಳಲಿಲ್ಲ. ಗಾಡಿ ನಿಂತರೆ ಮಾತ್ರ ಏಳುವ ಹಾಗೆ ಅದನ್ನು ಕೂರಿಸಿದ್ದರು. "ಬಗ್ಗಿ ಬನ್ನಿ ಮೇಡಂ," ಎಂದ, ಸ್ವಲ್ಪ ನಾಚಿಕೆಯಿಂದ. ಅವಳು ಚೀಲ ಎದೆಗವುಚಿಕೊಂಡು, ಬಗ್ಗಿ, ಒಳಗೆ ಹೋದಳು.